ಮೂರನೇ ಮಹಡಿಯ ಮೊದಲ ಸಾಲು

ಸೋಮವಾರದಿಂದ ಅಕ್ಕ ವೈರಪ್ಪನ ಕಡೆ ತಿರುಗಿಯೂ ನೋಡಿರಲಿಲ್ಲ. ಕಿವಿ ಕೇಳದ, ಕೈಯಲ್ಲೇ ಮಾತಾಡುವ ಅಕ್ಕ ತಿರುಗಿ ನೋಡದಿದ್ದರೆ ಮುಗಿಯಿತು, ಅವಳ ಜೊತೆ ಜಗಳ ಆಡುವುದಕ್ಕೂ ದಾರಿ ಇರುವುದಿಲ್ಲ. ಬೇರೆಯವರ ಮನೆಯಲ್ಲಾದರೆ ಮುಚ್ಚಿದ ಬಾಗಿಲ ಹೊರಗೆ ನಿಂತು ಕೂಗಿಯಾದರೂ ತಪ್ಪಾಯಿತು ಎನ್ನಬಹುದು. ಇಲ್ಲಿ ಮೊದಲು ಕಣ್ಣಿಗೆ ಕಣ್ಣು ಸೇರಬೇಕು, ಮಾತು ಆಮೇಲೆ. ಆ ಕಣ್ಣು ಅಂದಿನಿಂದ ಗೋಡೆಯ ಮೇಲೆ, ಕಿಟಕಿಯ ಮೇಲೆ, ಒಲೆಯ ಮೇಲಿನ ಪಾತ್ರೆಯ ಮೇಲೆ ಎಲ್ಲೆಲ್ಲೋ ಇತ್ತು, ತಮ್ಮನ ಮುಖವೊಂದನ್ನು ಬಿಟ್ಟು.

ವೈರಪ್ಪ ಅಂದರೆ ಅವನ ನಿಜವಾದ ಹೆಸರೇನಲ್ಲ. ದೊಡ್ಡದೊಂದು ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವನು ಅವನು. ಕೊರಳಲ್ಲಿ ಸದಾ ಒಂದು ನೀಲಿ ಕೇಬಲ್ ನೇತಾಡುತ್ತಿತ್ತು, ಅದಕ್ಕೆ ನರ್ಸುಗಳು ಇಟ್ಟ ಹೆಸರು. ಅಕ್ಕ ಇಟ್ಟ ಹೆಸರು ಬೇರೆ: ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿನಿಂದ ಟಕಟಕ ಬಡಿಯುವುದು. ಅವಸರದವನು ಎಂದು ಅರ್ಥ. ನಾಲ್ಕು ವರ್ಷದವನಿದ್ದಾಗ ಇಟ್ಟದ್ದು. ಅವನಿಗೆ ನಲವತ್ತೆರಡಾದರೂ ಬದಲಾಯಿಸುವಂಥ ಕಾರಣ ಅವಳಿಗೆ ಕಂಡಿರಲಿಲ್ಲ, ಸೋಮವಾರವಂತೂ ಅವನೇ ಅದನ್ನು ಗಟ್ಟಿ ಮಾಡಿಕೊಟ್ಟ.

ಅಕ್ಕ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ಇಪ್ಪತ್ತು ವರ್ಷ ದಬ್ಬಳ ಹಿಡಿದ ಬಲಗೈ. ಆ ಕೈಯ ಮಣಿಕಟ್ಟಿನಲ್ಲಿ ಕಡಲೆಕಾಳಿನಷ್ಟಿದ್ದ ಗಂಟು ಈಗ ಗೋಲಿಯಷ್ಟಾಗಿತ್ತು. ತಮ್ಮ ಕೆಲಸ ಮಾಡುವ ಆಸ್ಪತ್ರೆಯಲ್ಲೇ ತೋರಿಸಿದ್ದಾಯಿತು. ಗಂಟು ನರಕ್ಕೆ ಅಂಟಿಕೊಂಡಿದೆ, ತೆಗೆಯಬೇಕು, ತೆಗೆಯುವಾಗ ನರಕ್ಕೆ ಪೆಟ್ಟಾದರೆ ಎರಡು ಬೆರಳು ಮೊದಲಿನಂತೆ ಮಡಚದೆ ಹೋಗಬಹುದು ಎಂದು ಕೈ ಡಾಕ್ಟರು ಹೇಳಿದರು. ಬೇರೆಯವರಿಗೆ ಎರಡು ಬೆರಳು ಅಂದರೆ ಎರಡು ಬೆರಳು. ಅಕ್ಕನಿಗೆ ಅದು ಅರ್ಧ ನಾಲಿಗೆ.

ಇದನ್ನೆಲ್ಲ ಅಕ್ಕನಿಗೆ ಸನ್ನೆ ಭಾಷೆಯಲ್ಲಿ ತಿಳಿಸಿದವಳು ಪರದೆಯ ಮೇಲಿನ ದುಭಾಷಿ ಮೇಡಂ. ಕಿವಿ ಕೇಳದ ರೋಗಿಗಳಿಗಾಗಿ ಆಸ್ಪತ್ರೆಯಲ್ಲಿ ಅಂಥದ್ದೊಂದು ಏರ್ಪಾಡಿತ್ತು: ಡಾಕ್ಟರ ಕೋಣೆಯಲ್ಲಿ ಒಂದು ಪರದೆ, ಅದರ ಮೇಲೊಂದು ಕ್ಯಾಮೆರಾ, ಆ ತುದಿಯಲ್ಲಿ ಬೇರಾವುದೋ ಊರಿನಲ್ಲಿ ಕೂತ ದುಭಾಷಿ. ಡಾಕ್ಟರು ಹೇಳಿದ್ದು ಸರಿಯಾಗಿ ಬಂತು. ಅಕ್ಕ ತಿರುಗಿ ಪ್ರಶ್ನೆ ಕೇಳಲು ಕೈ ಎತ್ತಿದಳು ನೋಡಿ, ಅಲ್ಲಿಗೆ ಗ್ರಹಚಾರ ಕೆಟ್ಟಿತು. ಮೇಡಂ ಕಣ್ಣು ಕಿರಿದು ಮಾಡಿಕೊಂಡು, ಕೈ ಕಾಣುತ್ತಿಲ್ಲ, ಇನ್ನೊಮ್ಮೆ ಎಂದಳು. ಅಕ್ಕ ಇನ್ನೊಮ್ಮೆ ಕೇಳಿದಳು. ಮತ್ತೆ ಇನ್ನೊಮ್ಮೆ. ಐದನೇ ಸಲಕ್ಕೆ ಡಾಕ್ಟರು ಗಡಿಯಾರ ನೋಡಿದರು. ಪಕ್ಕದಲ್ಲಿ ಕೂತಿದ್ದ ವೈರಪ್ಪನ ಬಾಯಿಂದ ಆ ಮಾತು ತಾನಾಗಿಯೇ ಜಾರಿತು: "ಅವಳಿಗೆ ಒಪ್ಪಿಗೆ ಇದೆ ಡಾಕ್ಟ್ರೇ, ನೀವು ಮಾಡಿ."

ಯಾಕೆ ಹೇಳಿದ? ಅಭ್ಯಾಸಬಲ. ಚಿಕ್ಕಂದಿನಲ್ಲಿ ಅಂಗಡಿಗೆ, ಶಾಲೆಗೆ ಎಲ್ಲಿಗೆ ಹೋದರೂ ಅಮ್ಮ ಅವನನ್ನೇ ಮುಂದೆ ದೂಡುತ್ತಿದ್ದಳು, ನಿಮ್ಮಕ್ಕನ ಬಾಯಿ ನೀನೇ ಕಣೋ ಎಂದು. ಜೊತೆಗೆ ಹೆದರಿಕೆ. ಅಕ್ಕ ಬೇಡ ಅಂದುಬಿಟ್ಟರೆ, ಗಂಟು ಬೆಳೆದು ನರವನ್ನೇ ಹಿಚುಕಿಬಿಟ್ಟರೆ ಎಂದು ಅವನ ಜೀವ ಹಾರುತ್ತಿತ್ತು. ಅಕ್ಕ ಡಾಕ್ಟರ ತಲೆ ಆಡಿದ್ದನ್ನು ನೋಡಿದಳು, ತನ್ನ ಮುಂದೆ ಬಂದ ಒಪ್ಪಿಗೆ ಪತ್ರ ನೋಡಿದಳು, ತಮ್ಮನ ಪೆಚ್ಚುಮೋರೆ ನೋಡಿದಳು. ಪತ್ರವನ್ನು ಒಂದೇ ಬೆರಳಿನಲ್ಲಿ ವಾಪಸು ತಳ್ಳಿ ಎದ್ದು ಹೋದಳು.

ಆ ದಿನ ಸಂಜೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ ಇತ್ತು. "ಗುರುವಾರ ಹತ್ತು ಗಂಟೆಗೆ ಮತ್ತೆ ಬರಲು ಹೇಳಿದ್ದಾರೆ. ನೀನು ಒಳಗೆ ಬರಬಾರದು. ಪರದೆ ಸರಿ ಇರಬೇಕು. ನಡುವೆ ನಿಂತರೆ ನಾನು ಎದ್ದು ಬರುತ್ತೇನೆ, ಗಂಟು ಇದ್ದಲ್ಲೇ ಇರಲಿ." ಅಕ್ಕ ಹೇಳಿದರೆ ಹೇಳಿದಂತೆ ಮಾಡುವವಳು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಗೋಡೆಗೂ ಗೊತ್ತು.

ಮಂಗಳವಾರ ಬೆಳಗ್ಗೆಯೇ ವೈರಪ್ಪ ಮೂರನೇ ಮಹಡಿಯ ಸ್ವಿಚ್ಚಿನ ಸೆಟ್ಟಿಂಗ್ ತೆರೆದು ಕೂತ. ಆ ಮಹಡಿಯಲ್ಲಿ ಸ್ಕ್ಯಾನಿಂಗ್ ವಿಭಾಗ, ಕೈ ಡಾಕ್ಟರ ಒಂಬತ್ತನೇ ಕೋಣೆ, ನರ್ಸುಗಳ ಕಂಪ್ಯೂಟರು, ಜನ ಕಾಯುವ ದೊಡ್ಡ ಹಾಲ್. ಅಷ್ಟಕ್ಕೂ ಒಂದೇ ಸ್ವಿಚ್, ಎಲ್ಲ ಕೇಬಲ್ಲುಗಳೂ ಬಂದು ಸೇರುವ ಪೆಟ್ಟಿಗೆ. ಅದರಿಂದ ಹೊರಗೆ ಹೋಗುವುದು ಒಂದೇ ಕೇಬಲ್. ಎಲ್ಲರೂ ಒಟ್ಟಿಗೆ ನುಗ್ಗಿದಾಗ ಯಾರನ್ನು ಮೊದಲು ಬಿಡಬೇಕು ಎಂದು ಸ್ವಿಚ್ಚಿಗೆ ಹೇಳಿಕೊಡಬೇಕಾಗುತ್ತದೆ. ಅದಕ್ಕೆಂದು ಅದರೊಳಗೆ ನಾಲ್ಕು ಕ್ಯೂ. ಮೊದಲನೆಯ ಕ್ಯೂನಲ್ಲಿ ಇರುವವರು ಹೋದ ಮೇಲೇ ಉಳಿದವರ ಪಾಳಿ.

ಮೊದಲನೆಯ ಕ್ಯೂನಲ್ಲಿ ಯಾರ್‍ಯಾರಿದ್ದಾರೆ ಎಂದು ನೋಡಿದ. ದುಭಾಷಿ ಪರದೆ ಇತ್ತು, ಸರಿ. ಸ್ಕ್ಯಾನಿಂಗ್ ಯಂತ್ರಗಳು ಐದಕ್ಕೆ ಐದೂ ಇದ್ದವು. ವ್ಯಾಯಾಮದ ಕೋಣೆಯ ಹಾಡಿನ ಪೆಟ್ಟಿಗೆ ಇತ್ತು. ದೊಡ್ಡ ಸಾಹೇಬರ ಕೋಣೆಯ ಮೀನಿನ ತೊಟ್ಟಿಯನ್ನು ಅವರ ಮನೆಗೆ ತೋರಿಸುವ ಕ್ಯಾಮೆರಾ ಇತ್ತು! ವೈರಪ್ಪನಿಗೆ ಇಲ್ಲ ಎನ್ನುವ ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಯಾರು ಬಂದು ನಮ್ಮದು ನಿಧಾನ ಅಂದರೂ ದಾಕ್ಷಿಣ್ಯಕ್ಕೆ ಬಿದ್ದು ಮೊದಲನೆಯ ಕ್ಯೂಗೆ ಸೇರಿಸುತ್ತ ಬಂದಿದ್ದ. ಎಂಟು ವರ್ಷದಲ್ಲಿ ಇಡೀ ಮಹಡಿ ಮೊದಲನೆಯದಾಗಿ, ಎರಡು, ಮೂರು, ನಾಲ್ಕರಲ್ಲಿ ನೊಣ ಹೊಡೆಯುವವರೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಮೆಟ್ಟಿಲ ಬಳಿಯ ಒಂದು ಪುಟ್ಟ ಕ್ಯಾಮೆರಾ. ಅದು ಅವನದೇ. ದೂರು ಹೊತ್ತುಕೊಂಡು ಯಾರು ಇಳಿದು ಬರುತ್ತಿದ್ದಾರೆ ಎಂದು ನೆಲಮಾಳಿಗೆಯ ತನ್ನ ಕೋಣೆಯಲ್ಲೇ ಕೂತು ನೋಡಲು ಹಾಕಿಕೊಂಡದ್ದು. ವೈರಪ್ಪ ಒಬ್ಬನೇ ನಕ್ಕ, ಆಮೇಲೆ ಹಣೆ ಚಚ್ಚಿಕೊಂಡ.

ನಗು ನಿಂತದ್ದು ದುಭಾಷಿ ಪರದೆಯ ಹಳೆಯ ದಾಖಲೆ ತೆಗೆದಾಗ. ಆರು ತಿಂಗಳಲ್ಲಿ ಹದಿನಾಲ್ಕು ಜನ ಅದರ ಮುಂದೆ ಕೂತಿದ್ದರು. ಅದರಲ್ಲಿ ಹನ್ನೊಂದು ಮಾತುಕತೆ ಅರ್ಧಕ್ಕೇ ಮುಗಿದಿದ್ದವು. ಪ್ರತಿ ಸಲವೂ ಹೆಡ್ ಸಿಸ್ಟರ್ ಫೋನು ಮಾಡಿದ್ದರು, ಪ್ರತಿ ಸಲವೂ ಇವನು ಲೈನ್ ವೀಕ್ ಇದೆ ಎಂದು ಕೈ ತೊಳೆದುಕೊಂಡಿದ್ದ. ಆ ಹನ್ನೊಂದು ಜನರ ಪಕ್ಕದಲ್ಲೂ ಒಬ್ಬ ತಮ್ಮನೋ ಗಂಡನೋ ಮಗಳೋ ಕೂತಿದ್ದಿರಬೇಕು, ಅವರ ಪರವಾಗಿ ಹೂಂ ಎಂದಿರಬೇಕು. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು.

ಬುಧವಾರ ಪೂರ್ತಿ ಇಲ್ಲ ಎನ್ನುವುದನ್ನು ಕಲಿಯುವುದರಲ್ಲೇ ಹೋಯಿತು. ತನ್ನ ಮೆಟ್ಟಿಲ ಕ್ಯಾಮೆರಾವನ್ನು ಮೊದಲು ಕೊನೆಯ ಕ್ಯೂಗೆ ಇಳಿಸಿದ, ಮಾತಾಡಲು ಮುಖವಾದರೂ ಇರಲಿ ಎಂದು. ಮೀನುಗಳನ್ನು ಅದರ ಜೊತೆಗೆ ಇಳಿಸಿದ. ದೊಡ್ಡ ಸಾಹೇಬರು ಗೊಣಗಿದರೂ ಬೇಡ ಅನ್ನಲಿಲ್ಲ. ಸ್ಕ್ಯಾನಿಂಗ್ ಮೇಡಂ ಮಾತ್ರ ಸುಲಭಕ್ಕೆ ಬಗ್ಗುವ ಪೈಕಿಯಲ್ಲ. ತನ್ನ ಚಿತ್ರಗಳು ತಡವಾದರೆ ರೋಗಿಗಳ ಗತಿಯೇನು ಎಂದು ಚೆನ್ನಾಗಿಯೇ ಮಂಗಳಾರತಿ ಮಾಡಿದರು. ವೈರಪ್ಪ ಎಂದಿನಂತೆ ತಲೆ ಕೆರೆದುಕೊಂಡು ವಾಪಸು ಬರಲಿಲ್ಲ. ಕುರ್ಚಿ ಎಳೆದು ಕೂತು, ಸ್ಕ್ಯಾನಿನ ಚಿತ್ರ ಎರಡು ಸೆಕೆಂಡು ತಡವಾಗಿ ಬಂದರೂ ಇಡಿಯಾಗಿಯೇ ಬರುತ್ತದೆ, ಆಡುವ ಕೈ ಎರಡು ಸೆಕೆಂಡು ತಡವಾದರೆ ಮಾತೇ ಹೋಗುತ್ತದೆ ಎಂದು ಬಿಡಿಸಿ ಹೇಳಿದ. ತುರ್ತು ಚಿಕಿತ್ಸೆಯ ಯಂತ್ರಕ್ಕೆ ಎರಡನೆಯ ಕ್ಯೂ, ಉಳಿದ ನಾಲ್ಕಕ್ಕೆ ಮೂರನೆಯದು ಎಂದು ಕಾಗದದ ಮೇಲೆ ಬರೆದೂ ತೋರಿಸಿದ. ಹನ್ನೊಂದು ಜನರ ಲೆಕ್ಕವನ್ನೂ ಮುಂದಿಟ್ಟ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಹನ್ನೊಂದು ಜನಾನಾ? ಇಷ್ಟು ದಿನ ಎಲ್ಲಿ ಮಲಗಿದ್ರಿ ವೈರಪ್ಪ?" ಎಂದರು. ಅದು ಒಪ್ಪಿಗೆಯೇ ಎಂದು ತಿಳಿದುಕೊಂಡು ಅವನು ಎದ್ದ.

ಗುರುವಾರ ಒಂಬತ್ತೂವರೆಗೆ ಒಂಬತ್ತನೇ ಕೋಣೆಯ ಪರದೆಯನ್ನು ನೆಲಮಾಳಿಗೆಯಿಂದಲೇ ಪರೀಕ್ಷೆ ಮಾಡಿದ. ಚಿತ್ರ ಮತ್ತೆ ಕಂತು ಕಂತಾಗಿ ಹೋಗುತ್ತಿತ್ತು. ಬುಧವಾರ ಮಧ್ಯಾಹ್ನ ಇದೇ ಪರದೆ ನೀರು ಕುಡಿದಷ್ಟು ಸಲೀಸಾಗಿ ಓಡಿತ್ತಲ್ಲ! ಹುಡುಕಿದಾಗ ಕಾರಣ ಸಿಕ್ಕಿತು. ಬೆಳಗಿನ ಹೊತ್ತು ಕಾಯುವ ಹಾಲ್ ಕಿಕ್ಕಿರಿದಿರುತ್ತದೆ. ಬಂದವರೆಲ್ಲ ಆಸ್ಪತ್ರೆಯ ವೈಫೈನಲ್ಲಿ ಮನೆಯವರಿಗೆ ವಿಡಿಯೋ ಕರೆ ಮಾಡಿ ಅಜ್ಜನ ಬ್ಯಾಂಡೇಜು ತೋರಿಸುತ್ತಿದ್ದರು. ಆ ಫೋನುಗಳು ಬುದ್ಧಿವಂತ ಫೋನುಗಳು. ನಾನೇ ಮೊದಲು ಎಂದು ತಾವೇ ಹಣೆಗೆ ಚೀಟಿ ಅಂಟಿಸಿಕೊಂಡು ಬರುತ್ತಿದ್ದವು, ಸ್ವಿಚ್ ಪಾಪ ಅದನ್ನು ನಂಬಿ ಮೊದಲನೆಯ ಕ್ಯೂಗೆ ಬಿಡುತ್ತಿತ್ತು.

ಇನ್ನು ತಡೆಯುವುದೊಂದೇ ದಾರಿ. ಹೊರಹೋಗುವ ಕೇಬಲ್ಲಿನ ಬಾಗಿಲಿಗೆ ಒಂದು ಪಟ್ಟಿ ಬರೆದ. ಮೊದಲ ಸಾಲು: ಒಂಬತ್ತನೇ ಕೋಣೆಯ ಪರದೆ ಹೋಗಲಿ. ಎರಡನೇ ಸಾಲು: ಹಾಲ್‌ನ ಫೋನುಗಳ ವಿಡಿಯೋ ನಿಲ್ಲಲಿ. ಪಟ್ಟಿ ಜಾರಿ ಮಾಡುವ ಮೊದಲು ಸ್ವಿಚ್ಚಿಗೆ, ಇಪ್ಪತ್ತು ನಿಮಿಷದ ಮೇಲೆ ನೀನಾಗಿಯೇ ರೀಸ್ಟಾರ್ಟ್ ಆಗು ಎಂದು ಹೇಳಿಟ್ಟ. ಇದು ಅವನಿಗೆ ಕೆಲಸ ಕಲಿಸಿದ ಗುರುಗಳ ಪದ್ಧತಿ. ಸೇವ್ ಮಾಡದ ಸೆಟ್ಟಿಂಗನ್ನು ಸ್ವಿಚ್ ರೀಸ್ಟಾರ್ಟ್ ಆದಾಗ ಮರೆತುಬಿಡುತ್ತದೆ. ಏನಾದರೂ ಎಡವಟ್ಟಾದರೆ ತಾನಾಗಿಯೇ ಹಳೆಯ ಸ್ಥಿತಿಗೆ ಬರಲಿ, ಎಲ್ಲ ಸರಿ ಹೋದರೆ ರೀಸ್ಟಾರ್ಟ್ ರದ್ದು ಮಾಡು, ಕಣ್ಣಾರೆ ನೋಡುವ ತನಕ ಸೇವ್ ಮಾಡಬೇಡ. ಗುರುಗಳು ಇದನ್ನು ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟಿದ್ದರು. ಗಂಟೆ ಒಂಬತ್ತು ನಲವತ್ತಾರು. ವೈರಪ್ಪ ಎಂಟರ್ ಒತ್ತಿದ.

ಅವನ ಕಂಪ್ಯೂಟರಿನಲ್ಲಿ ಸ್ವಿಚ್ಚಿನ ಕಿಟಕಿ ಕಲ್ಲಾಯಿತು. ಒಂದು ಅಕ್ಷರ ಒತ್ತಿದ, ಇನ್ನೊಂದು ಒತ್ತಿದ, ಊಹೂಂ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೂರನೇ ಮಹಡಿಯಲ್ಲಿ ಎಲ್ಲ ಕಂಪ್ಯೂಟರೂ ನಿಂತುಹೋಗಿವೆ ಎಂದು ಹೆಡ್ ಸಿಸ್ಟರ್.

ಆಗ ಅವನಿಗೆ ಹೊಳೆಯಿತು. ಇಂಥ ಪಟ್ಟಿಯನ್ನು ಸ್ವಿಚ್ ಮೇಲಿನಿಂದ ಕೆಳಗೆ ಓದುತ್ತದೆ, ಪಟ್ಟಿಯಲ್ಲಿ ಇಲ್ಲದವರನ್ನೆಲ್ಲ ಹೇಳದೆ ಕೇಳದೆ ತಡೆದುಬಿಡುತ್ತದೆ. ಅದಕ್ಕೇ ಕೊನೆಯಲ್ಲಿ, ಉಳಿದವರೆಲ್ಲ ಹೋಗಲಿ ಎಂದು ಮೂರನೆಯ ಸಾಲೊಂದನ್ನು ಬರೆಯಲೇಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇವನೇ ಪಾಠ ಹೇಳುತ್ತಿದ್ದ. ಇವತ್ತು ತಲೆಯಲ್ಲಿ ಅಕ್ಕನೊಬ್ಬಳೇ ಇದ್ದಳು. ಉಳಿದವರು ಎಂಬುವರು ಲೋಕದಲ್ಲಿ ಇದ್ದಾರೆ ಎನ್ನುವುದೇ ಮರೆತುಹೋಗಿತ್ತು, ಆ ಉಳಿದವರಲ್ಲಿ ತಾನೂ ಒಬ್ಬ ಎನ್ನುವುದು ಕೂಡ.

ಕೈ ಕಟ್ಟಿ ಕೂತರೆ ಹತ್ತು ಗಂಟೆ ಆರು ನಿಮಿಷಕ್ಕೆ ಸ್ವಿಚ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಮಹಡಿ ಸರಿಹೋಗುತ್ತದೆ. ಆದರೆ ಅಕ್ಕನ ಮಾತುಕತೆ ಶುರುವಾಗಿ ಆರು ನಿಮಿಷಕ್ಕೆ ಪರದೆ ಸಾಯುತ್ತದೆ, ಅಕ್ಕ ಎದ್ದು ಬರುತ್ತಾಳೆ. ದೂರದಿಂದ ಇನ್ನು ಏನೂ ಮಾಡುವ ಹಾಗಿಲ್ಲ. ಸ್ವಿಚ್ಚಿನ ಬುಡಕ್ಕೇ ಹೋಗಿ ಕೊರಳಿನ ನೀಲಿ ಕೇಬಲ್ ಚುಚ್ಚಿ ಕೂರಬೇಕು. ವೈರಪ್ಪ ಲ್ಯಾಪ್‌ಟಾಪ್ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದ.

ಒಂಬತ್ತನೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಏದುಸಿರು ಬಿಡುತ್ತ ಬಂದ ತಮ್ಮನನ್ನು ಮೂರು ದಿನದಲ್ಲಿ ಮೊದಲ ಸಲ ನೇರವಾಗಿ ನೋಡಿದಳು. ಎಡ ಮಣಿಕಟ್ಟಿನ ಮೇಲೆ ಎರಡು ಬೆರಳು ಬಡಿದಳು. ಆಮೇಲೆ ಕೈಯನ್ನು ಗಾಳಿಯಲ್ಲಿ ಹೊರಳಿಸಿದಳು: ಏನಾಯಿತು? ಅವನಿಗೆ ನಿಂತು ಹೇಳುವ ಹೊತ್ತಿರಲಿಲ್ಲ. ಪರದೆ ಇರುತ್ತದೆ ಎಂದಷ್ಟೇ ಕೈ ಮಾಡಿ ಮುಂದೆ ಓಡಿದ.

ಸ್ವಿಚ್ ಇದ್ದ ಗೂಡಿನಂಥ ಕೋಣೆ ಒಂಬತ್ತನೇ ಕೋಣೆಯಿಂದ ಹತ್ತು ಹೆಜ್ಜೆ. ಬೀಗದ ಕೈ ಹೆಡ್ ಸಿಸ್ಟರ್ ಹತ್ತಿರ. ಅವರು ಬಯ್ಯುತ್ತಲೇ ಬಂದರು, ಬಯ್ಯುತ್ತಲೇ ತೆಗೆದರು. ಒಳಗೆ ಮುರಿದ ಗಾಲಿಕುರ್ಚಿ ಎರಡು, ನೆಲ ಒರೆಸುವ ಕೋಲುಗಳು, ಬಕೆಟ್‌ಗಳು. ಗಾಲಿಕುರ್ಚಿಗಳನ್ನು ಇಬ್ಬರೂ ಸೇರಿ ಹೊರಗೆಳೆದರು. ವೈರಪ್ಪ ಒಂದು ಬಕೆಟ್ ಬೋರಲು ಹಾಕಿ ಕೂತು ಕೇಬಲ್ ಚುಚ್ಚಿದ. ಮೂರನೇ ಸಾಲು ಬರೆದ: ಉಳಿದವರೆಲ್ಲ ಹೋಗಲಿ. ಕಾರಿಡಾರಿನ ಆ ತುದಿಯಿಂದ ಯಾರೋ ನರ್ಸ್, ಬಂತು, ಬಂತು ಎಂದು ಕೂಗಿದಳು. ಗಂಟೆ ಹತ್ತು ದಾಟಿ ಮೂರು ನಿಮಿಷ. ಒಂಬತ್ತನೇ ಕೋಣೆಯ ಬಾಗಿಲು ಆಗಲೇ ಮುಚ್ಚಿತ್ತು. ರೀಸ್ಟಾರ್ಟ್ ಆಗಲು ಇನ್ನು ಮೂರು ನಿಮಿಷ ಎಂದು ತೋರಿಸುತ್ತಿದ್ದುದನ್ನು ರದ್ದು ಮಾಡಿದ. ಹೋದ ಜೀವ ಬಂದಂತಾಯಿತು.

ಹೆಡ್ ಸಿಸ್ಟರ್ ಹೋದರು. ಈಗ ಎದ್ದು ಹೋಗಿ ಬಾಗಿಲ ಗಾಜಿನಲ್ಲಿ ಒಂದು ಸಲ ಇಣುಕಿದರೆ ಯಾರು ಕೇಳುತ್ತಾರೆ? ಎದ್ದೂ ನಿಂತ. ಫ್ರಿಜ್ಜಿನ ಮೇಲಿನ ಚೀಟಿ ನೆನಪಾಯಿತು. ಮತ್ತೆ ಬಕೆಟ್ಟಿನ ಮೇಲೆ ಕೂತ.

ಪಟ್ಟಿಯ ಪ್ರತಿ ಸಾಲಿನ ಪಕ್ಕದಲ್ಲಿ ಸ್ವಿಚ್ ಒಂದು ಎಣಿಕೆ ಇಡುತ್ತದೆ, ಆ ಸಾಲಿನ ಪ್ರಕಾರ ಮಾಹಿತಿಯ ಎಷ್ಟು ತುಣುಕು ದಾಟಿದವು ಎಂದು. ಮೊದಲ ಸಾಲಿನ ಎಣಿಕೆಯನ್ನು ಮತ್ತೆ ಮತ್ತೆ ಕರೆದು ನೋಡತೊಡಗಿದ. ಏರುತ್ತಿತ್ತು, ಅಂದರೆ ಪರದೆ ಬದುಕಿತ್ತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನು ಗಮನಿಸಿದ. ಎಣಿಕೆ ಒಂದೇ ಸಮ ಏರುತ್ತಿರಲಿಲ್ಲ. ಒಮ್ಮೆ ತೆವಳುತ್ತಿತ್ತು, ಒಮ್ಮೆ ಧಾವಿಸುತ್ತಿತ್ತು. ಅಲುಗದ ಚಿತ್ರಕ್ಕೆ ಸ್ವಲ್ಪ ತುಣುಕು ಸಾಕು, ಅಲುಗುವ ಚಿತ್ರಕ್ಕೆ ರಾಶಿ ಬೇಕು. ಹಾಗಾದರೆ ತೆವಳುವಾಗ ಅಕ್ಕ ಕೈ ಕಟ್ಟಿ ಕೂತು ಮೇಡಂ ಹೇಳುವುದನ್ನು ನೋಡುತ್ತಿದ್ದಾಳೆ. ಧಾವಿಸುವಾಗ ಅಕ್ಕ ಮಾತಾಡುತ್ತಿದ್ದಾಳೆ!

ವೈರಪ್ಪ ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿದ. ಅಕ್ಕ ಏನು ಹೇಳುತ್ತಿದ್ದಾಳೆ ಎಂದು ಅವನಿಗೆ ಒಂದಕ್ಷರ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಇಂಥದ್ದು ಆಗಿರಲಿಲ್ಲ. ಸೋಮವಾರದ ಮಾತುಕತೆ ಒಟ್ಟು ಏಳು ನಿಮಿಷ. ಇವತ್ತು ಹತ್ತೂ ಹದಿನೆಂಟಕ್ಕೆ ಶುರುವಾದ ಒಂದೇ ಧಾವಂತ ನಾಲ್ಕು ನಿಮಿಷ ನಿಲ್ಲಲೇ ಇಲ್ಲ. ಇಷ್ಟೊಂದು ಕೇಳುವುದಿತ್ತಾ ಇವಳಿಗೆ? ತಾನು ಒಂದು ಹೂಂನಲ್ಲಿ ಮುಗಿಸಿದ್ದು ಇದನ್ನಾ? ಅವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ, ನೋಡುವವರು ಯಾರಿದ್ದರು.

ಹತ್ತೂ ನಲವತ್ತೊಂದಕ್ಕೆ ಎಣಿಕೆ ಪೂರ್ತಿ ನಿಂತಿತು. ಮುಗಿಯಿತೋ, ಕೆಟ್ಟಿತೋ? ಗೂಡಿನ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕ.

ಅವಳು ಅವನನ್ನು ನೋಡಿದಳು, ಬಕೆಟ್ ನೋಡಿದಳು, ಎಳೆದು ಹಾಕಿದ ಗಾಲಿಕುರ್ಚಿಗಳನ್ನು ನೋಡಿದಳು. ವೈರಪ್ಪ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೈ ಎತ್ತಿ ಕೇಳಿದ. "ಕಂಡಿತಾ?"

"ನಾನು ಅವಳಿಗೆ ಪೂರ್ತಿ ಕಂಡೆ," ಎಂದವು ಅಕ್ಕನ ಕೈಗಳು. "ಒಂದೇ ಒಂದು ಸಲ ಕೂಡ ಇನ್ನೊಮ್ಮೆ ಅನ್ನಲಿಲ್ಲ."

ಆಮೇಲೆ ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಆಪರೇಷನ್ನಿಗೆ ಒಪ್ಪಿದ್ದಾಳೆ, ಆದರೆ ತನ್ನ ಲೆಕ್ಕದಲ್ಲಿ. ಪೂರ್ತಿ ನಿದ್ದೆ ಬರಿಸುವುದು ಬೇಡ, ಗಂಟಿನ ಸುತ್ತ ಮಾತ್ರ ಮರಗಟ್ಟಿಸಿ, ನೀವು ಕೇಳಿದಾಗ ನಾನು ಬೆರಳು ಆಡಿಸಿ ತೋರಿಸುತ್ತೇನೆ, ಬೆರಳು ತಡವರಿಸಿದರೆ ಅಲ್ಲೇ ನಿಲ್ಲಿಸಿ ಎಂದು ಕೇಳಿದಳಂತೆ. ಡಾಕ್ಟರು, ಹಾಗೂ ಮಾಡಬಹುದು, ಇದನ್ನು ನೀವು ಸೋಮವಾರವೇ ಕೇಳಬಾರದಿತ್ತೇ ಎಂದರಂತೆ. ಅಷ್ಟು ಹೇಳಿ ಅಕ್ಕ ತಮ್ಮನ ಮುಖ ನೋಡುತ್ತ ಕೈ ಕೆಳಗಿಳಿಸಿದಳು.

"ಕೇಳಿದ್ದೆ ನೀನು. ನಾನೇ ಅಡ್ಡ ಬಂದೆ," ಎಂದ ವೈರಪ್ಪ. "ತಪ್ಪಾಯ್ತು ಅಕ್ಕ."

ಅಕ್ಕ ಹೌದು ಎಂದು ತಲೆ ಆಡಿಸಿದಳು. ಬಿಡು ಎಂದೇನೂ ಅನ್ನಲಿಲ್ಲ. ಆದರೆ ಬಾಗಿ ಅವನ ಲ್ಯಾಪ್‌ಟಾಪಿನೊಳಗೆ ಕಣ್ಣು ಹಾಯಿಸಿ, ಇದೇನು ಎಂದು ಕೇಳಿದಳು. ಅವನು ಮೂರು ಸಾಲನ್ನೂ ತೋರಿಸಿದ. ಮೊದಲನೆಯದು ನೀನು ಎಂದ. ಮೂರನೆಯದನ್ನು ಮರೆತು ಇಡೀ ಮಹಡಿಯನ್ನು ನಿಲ್ಲಿಸಿದ ಕಥೆಯನ್ನೂ ಮುಚ್ಚಿಡದೆ ಹೇಳಿದ. ಎಣಿಕೆಯ ಓಟದಲ್ಲಿ ಅವಳ ಮಾತು ಕಂಡದ್ದನ್ನು ಹೇಳಿದ. "ಹತ್ತೂ ಹದಿನೆಂಟಕ್ಕೆ ತುಂಬಾ ಹೊತ್ತು ಮಾತಾಡ್ದೆ. ಏನು ಕೇಳ್ದೆ ಆಗ?"

"ಅದು ನನಗೂ ಡಾಕ್ಟ್ರಿಗೂ ಬಿಟ್ಟಿದ್ದು," ಎಂದಳು ಅಕ್ಕ.

ಅವನಿಗೆ ಒಂದು ಕ್ಷಣ ಚುರುಕ್ ಎಂದಿತು. ಮರುಕ್ಷಣ, ಇದಕ್ಕೆ ತಾನು ಯಾರಿಗೂ ಉತ್ತರ ಹೇಳಬೇಕಾಗಿಲ್ಲ, ಯಾರಿಗೂ ತಿಳಿಸಿ ಹೇಳಬೇಕಾಗಿಲ್ಲ ಎಂದು ಹೊಳೆದು, ಮೂವತ್ತೆಂಟು ವರ್ಷ ಹೊತ್ತ ಮೂಟೆಯನ್ನು ಯಾರೋ ಹೆಗಲಿಂದ ಇಳಿಸಿಕೊಂಡಂತೆ ಹಗುರಾಯಿತು. ಜೋರಾಗಿ ನಕ್ಕುಬಿಟ್ಟ. ಕಣ್ಣಾರೆ ನೋಡುವ ತನಕ ಸೇವ್ ಮಾಡಬೇಡ ಎಂದಿದ್ದರು ಗುರುಗಳು. ನೋಡಿದ್ದಾಗಿತ್ತು. ಅಕ್ಕನ ಎದುರಿಗೇ ಸೇವ್ ಮಾಡಿದ.

ಅಕ್ಕ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು. ಮಣಿಕಟ್ಟಿನ ಮೇಲೆ ಎರಡು ಬೆರಳು ಬಡಿದು ಅವನ ಗಮನ ಸೆಳೆದಳು.

"ಆಪರೇಷನ್ ಐದನೇ ಮಹಡೀಲಿ. ಅಲ್ಲೂ ನನಗೆ ಪರದೆ ಬೇಕು ಅಂತ ಬರೆಸಿದೀನಿ. ಇನ್ನೂ ಹನ್ನೆರಡು ದಿನ ಇದೆ. ಅವಸರ ಮಾಡಬೇಡ," ಎಂದಳು. ನಗು ಮುಚ್ಚಿಟ್ಟುಕೊಂಡು ಸೇರಿಸಿದಳು: "ಉಳಿದವರನ್ನೂ ಬಿಡು."

ವೈರಪ್ಪ ಬಕೆಟ್ಟಿನಿಂದ ಎದ್ದು, ನೀಲಿ ಕೇಬಲ್ ಕೊರಳಿಗೆ ಹಾಕಿಕೊಂಡು, ಹೆಡ್ ಸಿಸ್ಟರ್ ಹತ್ತಿರ ಐದನೇ ಮಹಡಿಯ ಬೀಗದ ಕೈ ಕೇಳಲು ಹೋದ.